ಒಂದೇ ಮಾತ್ರೆಯೊಳಗೆ ಎರಡು ಔಷಧಿ

ಪ್ರಶ್ನೆ: ಡಾಕ್ಟರ್ ಮೇಡಂ, ನಮ್ಮ ಅಮ್ಮನಿಗೆ 63 ವರ್ಷ. ಶುಗರ್ ಇದೆ. ಅಪ್ಪ ತೀರಿಕೊಂಡ ಮೇಲೆ ತುಂಬಾ ಮಂಕಾಗಿಬಿಟ್ಟರು. ಊಟ ಬೇಡ, ನಿದ್ದೆ ಇಲ್ಲ, ಕೂತಲ್ಲೇ ಅಳು. ಮನೋವೈದ್ಯರು ರಾತ್ರಿಗೆ ಒಂದು ಮಾತ್ರೆ ಬರೆದುಕೊಟ್ಟರು, ಚೇತರಿಸಿಕೊಂಡರು. ಎರಡು ವರ್ಷದಿಂದ ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರುತ್ತಿದ್ದೇವೆ. ಈಗ ಬೆಳಗ್ಗೆ ಹತ್ತಾದರೂ ಮಂಪರು ಇಳಿಯುವುದಿಲ್ಲ. ಹೋದ ತಿಂಗಳು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರು. ನಮ್ಮ ಚಿಕ್ಕಮ್ಮನಿಗೂ ಡಿಪ್ರೆಶನ್, ಆದರೆ ಅವರಿಗೆ ಮಿರ್ಟಾಜಪೀನ್ ಒಂದೇ, ನಿದ್ದೆ ಮಾತ್ರೆಯೇ ಇಲ್ಲ. ಅಮ್ಮನಿಗೂ ಅದನ್ನೇ ಕೊಡಬಹುದಾ? ಈ ಮಾತ್ರೆ ಇವತ್ತೇ ನಿಲ್ಲಿಸಲಾ? ಸ್ಟ್ರಿಪ್ಪಿನ ಫೋಟೊ ಕಳಿಸಿದ್ದೇನೆ.
– ಹೆಸರು ಬೇಡ, ತಿಪಟೂರು

ಉತ್ತರ: ಇವತ್ತೇ ನಿಲ್ಲಿಸಬೇಡಿ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಸ್ಟ್ರಿಪ್ಪಿನ ಹಿಂಭಾಗ ಒಮ್ಮೆ ನೋಡಿ. ದೊಡ್ಡಕ್ಷರದ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಗೆ ಬರೆದಿದೆ: ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ, ಕ್ಲೊನಾಜೆಪಾಮ್ 0.5 ಮಿ.ಗ್ರಾಂ. ಮೊದಲನೆಯದು ಡಿಪ್ರೆಶನ್‌ಗೆ. ಎರಡನೆಯದು ನಿದ್ದೆ ಬರಿಸಿ, ಗಾಬರಿ ಇಳಿಸುವ ಔಷಧಿ. ನಿಮ್ಮಮ್ಮ ಎರಡು ವರ್ಷದಿಂದ ನಿದ್ದೆ ಮಾತ್ರೆಯನ್ನೂ ನುಂಗುತ್ತಿದ್ದಾರೆ. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ, ಅಲ್ವಾ?

ಮೊದಲು ಹೀಗೆ ಕೊಟ್ಟಿದ್ದು ತಪ್ಪಲ್ಲ. ಎಸ್ಸಿಟಾಲೋಪ್ರಾಮ್, ಸರ್ಟ್ರಲೀನ್, ಫ್ಲುಯಾಕ್ಸೆಟೀನ್ ಇವೆಲ್ಲ ಒಂದೇ ಗುಂಪಿನವು. ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ಅಷ್ಟರೊಳಗೆ ಕೆಲವರಿಗೆ ಚಡಪಡಿಕೆ ಜಾಸ್ತಿಯಾಗುತ್ತದೆ, ಇದ್ದ ನಿದ್ದೆಯೂ ಹೋಗುತ್ತದೆ. ‘ಮಾತ್ರೆ ತಗೊಂಡ ಮೇಲೇ ಕೆಟ್ಟಿತು’ ಅಂತ ಬಿಟ್ಟುಬಿಡುತ್ತಾರೆ. ಆ ಹೊತ್ತನ್ನು ದಾಟಿಸಲು ಕ್ಲೊನಾಜೆಪಾಮ್ ಸೇರಿಸುತ್ತೇವೆ. ಅಧ್ಯಯನಗಳೂ ಇದನ್ನೇ ತೋರಿಸಿವೆ: ಮೊದಲ ನಾಲ್ಕು ವಾರ ಜೊತೆ ಔಷಧಿಯಿಂದ ಲಾಭ ಇದೆ, ಆಮೇಲೆ ಡಿಪ್ರೆಶನ್ ಮಟ್ಟಿಗೆ ಹೆಚ್ಚಿನ ಲಾಭ ಕಾಣುವುದಿಲ್ಲ. ಆದರೆ ಉಳಿದ ತೊಂದರೆ ಬೆಳೆಯುತ್ತಾ ಹೋಗುತ್ತದೆ. ಕ್ಲೊನಾಜೆಪಾಮ್ ಮೈಯಿಂದ ನಿಧಾನವಾಗಿ ಹೋಗುತ್ತದೆ, ಅರ್ಧ ಇಳಿಯಲು 30-40 ಗಂಟೆ ಬೇಕು. ಇವತ್ತಿನದು ಇಳಿಯುವ ಮೊದಲೇ ನಾಳೆಯದು ಸೇರುತ್ತದೆ. ಬೆಳಗಿನ ಮಂಪರು, ರಾತ್ರಿ ಬಿದ್ದದ್ದು ಇದರಿಂದಲೇ ಇರಬಹುದು.

ಚಿಕ್ಕಮ್ಮನ ಮಾತ್ರೆ ಬೇರೆ ಜಾತಿಯದು. ಮಿರ್ಟಾಜಪೀನ್ ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮೀನ್ ಅನ್ನುವ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ, ಹಾಗಾಗಿ ಮೊದಲ ರಾತ್ರಿಯಿಂದಲೇ ನಿದ್ದೆ ಬರುತ್ತದೆ. 7.5, 15 ಮಿ.ಗ್ರಾಂನ ಸಣ್ಣ ಡೋಸಿನಲ್ಲೇ ಈ ತೂಕಡಿಕೆ ಚೆನ್ನಾಗಿ ಕಾಣುತ್ತದೆ. ಬೇರೆ ನಿದ್ದೆ ಮಾತ್ರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹಳೇ ಕಾಲದ ಅಮಿಟ್ರಿಪ್ಟಿಲೀನ್ ಕೂಡ ಹಾಗೇ, ಆದರೆ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ಹೃದಯದ ಬಡಿತವೂ ಏರುಪೇರಾಗಬಹುದು. ವಯಸ್ಸಾದವರಿಗೆ ಅದನ್ನು ನಾನು ಬರೆಯುವುದು ಕಡಿಮೆ.

ಅಂದರೆ ಡಿಪ್ರೆಶನ್‌ಗೆ ಮೊದಲ ದಿನ ಯಾವ ಮಾತ್ರೆ ಆರಿಸುತ್ತೇವೆ ಅನ್ನುವುದರ ಮೇಲೆ, ನಿದ್ದೆ ಮಾತ್ರೆ ಬೇಕೋ ಬೇಡವೋ ಅನ್ನುವುದೂ ನಿಂತಿರುತ್ತದೆ. ಹಾಗಂತ ಅಮ್ಮನಿಗೆ ಸುಮ್ನೆ ಬದಲಾಯಿಸುವ ಹಾಗಿಲ್ಲ. ಮಿರ್ಟಾಜಪೀನ್ ಹಸಿವು, ತೂಕ ಎರಡನ್ನೂ ಹೆಚ್ಚಿಸುತ್ತದೆ. ಶುಗರ್ ಇರುವವರಿಗೆ ಅದು ಸಣ್ಣ ವಿಷಯವಲ್ಲ. ಎಸ್ಸಿಟಾಲೋಪ್ರಾಮ್ ಅವರಿಗೆ ಹಿಡಿದಿದೆ, ಅದನ್ನು ಉಳಿಸಿಕೊಂಡು ಕ್ಲೊನಾಜೆಪಾಮ್ ಮಾತ್ರ ಬಿಡಿಸುವುದೇ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಇಲ್ಲೇ ಎರಡೂ ಸೇರಿದ ಮಾತ್ರೆ ಅಡ್ಡ ಬರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಇಳಿಸಲು ಆಗುವುದಿಲ್ಲ. ಅರ್ಧ ಮುರಿದರೆ ಎರಡೂ ಅರ್ಧವಾಗುತ್ತವೆ. ತಿಂಗಳುಗಟ್ಟಲೆ ಇಂಥ ಮಾತ್ರೆ ನಡೆಸುವುದಕ್ಕೆ ನನ್ನ ವಿರೋಧವಿದೆ. ನಿಮ್ಮ ಡಾಕ್ಟರ ಹತ್ತಿರ ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಡಲು ಕೇಳಿ. ಎಸ್ಸಿಟಾಲೋಪ್ರಾಮ್ ಬೆಳಗ್ಗೆ ತಿಂಡಿ ಆದ ಮೇಲೆ ಸಾಕು. ಕ್ಲೊನಾಜೆಪಾಮ್ 0.25ರ ಮಾತ್ರೆಯೂ ಸಿಗುತ್ತದೆ, ಅವರು ಹೇಳಿದ ಹಾಗೆ ವಾರಗಟ್ಟಲೆ ಸಮಯ ಕೊಟ್ಟು ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ನಡುಕ, ವಿಪರೀತ ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಎಸ್ಸಿಟಾಲೋಪ್ರಾಮ್ ಥಟ್ಟನೆ ಬಿಟ್ಟರೂ ತಲೆಸುತ್ತು, ಸಿಡುಕು ಬರಬಹುದು. ಡೋಸ್ ಇಳಿಸಿದಾಗ ಕೆಲವು ರಾತ್ರಿ ನಿದ್ದೆ ಕೆಡಬಹುದು. ಕಾಯಿಲೆ ಮರಳಿತು ಅಂತ ಹೆದರಬೇಡಿ ಎಂದು ಅಮ್ಮನಿಗೆ ಮೊದಲೇ ಹೇಳಿಡಿ.

ಇನ್ನೊಂದು. ಬಿದ್ದ ವಿಷಯ ಡಾಕ್ಟರಿಗೆ ಹೇಳಲೇಬೇಕು. ವಯಸ್ಸಾದವರಲ್ಲಿ ಎಸ್ಸಿಟಾಲೋಪ್ರಾಮ್ ಗುಂಪಿನ ಮಾತ್ರೆಗಳಿಂದ ರಕ್ತದಲ್ಲಿ ಸೋಡಿಯಂ ಇಳಿಯುವುದುಂಟು. ಆಗಲೂ ಮಂಕು, ತೂರಾಟ ಇರುತ್ತದೆ. ಶುಗರ್ ಇಳಿದರೂ ಹಾಗೇ. ಎರಡೂ ರಕ್ತ ಪರೀಕ್ಷೆ ಈ ವಾರವೇ ಮಾಡಿಸಿ. ಡಾಕ್ಟರನ್ನು ಕಾಣುವುದು ತಡವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಫೋನ್ ಮಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ, ಹಿಂಭಾಗದ ಎರಡೂ ಹೆಸರು ಓದಿ ಹೇಳಿ.