ಸಂಪು ತೋಡುವಾಗ ಜೆಸಿಬಿ ತಗುಲಿ ಕೇಬಲ್ ಹರಿದಿದೆ, ದುಡ್ಡು ಯಾರು ಕೊಡಬೇಕು?

ಕಲಬುರಗಿಯ ಮನೆಯಂಗಳದಲ್ಲಿ ಸಂಪು ತೋಡಿಸುವಾಗ ನೆಲದೊಳಗಿನ ಕರೆಂಟಿನ ಕೇಬಲ್ ಹರಿದಿದೆ, ಜೆಸಿಬಿಯವನಿಂದ ವಸೂಲಿ ಮಾಡಬಹುದಾ ಅಂತ ಕೇಳಿದ್ದೀರಿ. ಇಂಥದೇ ಗುಂಡಿಯ ಪಕ್ಕ ಒಂದು ಕಾಲಕ್ಕೆ ಮನೆ ಮಾಲೀಕನಾಗಿ ನಿಂತವನು ನಾನು. ಈಗ ಕೇಬಲ್ ಜಾಯಿಂಟ್ ಮಾಡುವುದೇ ನನ್ನ ಕೆಲಸ. ಜೆಸಿಬಿಯವನ ಮಾತು ಆಮೇಲೆ. ಮೊದಲು ಆ ಗುಂಡಿ ಮುಚ್ಚಬೇಡಿ.

ಮೇನ್ ಸ್ವಿಚ್ ಆಫ್ ಮಾಡಿದ್ದೇವೆ ಅಂತ ಕೈ ಹಾಕಲೂ ಬೇಡಿ. ಕಂಬದಿಂದ ಮೀಟರಿಗೆ ಬರುವ ಕೇಬಲ್ ನಿಮ್ಮ ಸ್ವಿಚ್ಚಿಗಿಂತ ಮೊದಲೇ ಇದೆ, ಅದರಲ್ಲಿ ಕರೆಂಟ್ ಹಾಗೇ ಇರುತ್ತದೆ. ವಿದ್ಯುತ್ ಕಂಪನಿಯ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ, ಕಂಬದಲ್ಲೇ ಲೈನ್ ತೆಗೆಸಿ.

ಎಲ್ಲರೂ ದುಡ್ಡು ಕಳೆದುಕೊಳ್ಳುವುದು ಮುಂದಿನ ಅರ್ಧ ಗಂಟೆಯಲ್ಲಿ. "ಮ್ಯಾಲಿನ ಸಿಪ್ಪಿ ಅಷ್ಟೇ ಹರದದ್ರೀ, ಟೇಪ್ ಸುತ್ತಿ ಮುಚ್ಚಿಬಿಡ್ರಿ" ಅನ್ನುವವನೊಬ್ಬ ಅಲ್ಲಿ ಇದ್ದೇ ಇರುತ್ತಾನೆ. ಮುಚ್ಚಿದರೆ ಸಾಕ್ಷಿಯೂ ಹೋಯಿತು, ಕೇಬಲ್ಲೂ ಹೋಯಿತು.

ಸಾಕ್ಷಿ ಅಂದರೆ ಆಳ. ಕೇಬಲ್ ಹಾಕುವ ಬಗ್ಗೆ ಇರುವ ಭಾರತೀಯ ಮಾನದಂಡ ಐಎಸ್ 1255 ಪ್ರಕಾರ ಮನೆಗೆ ಬರುವ 1.1 ಕೆವಿ (1,100 ವೋಲ್ಟ್) ವರೆಗಿನ ಕೇಬಲ್ ಕನಿಷ್ಠ 75 ಸೆಂ.ಮೀ. ಆಳದಲ್ಲಿರಬೇಕು, ಸುತ್ತ ಮರಳು, ಮೇಲೆ ಇಟ್ಟಿಗೆ ಅಥವಾ ಹಾಸುಗಲ್ಲಿನ ರಕ್ಷಣೆ ಇರಬೇಕು. ನಮ್ಮ ಕಡೆ ಎಷ್ಟೋ ಜಾಗದಲ್ಲಿ ಒಂದೆರಡು ಅಡಿಗೇ ಶಹಾಬಾದ್ ಕಲ್ಲಿನ ಪದರ ಸಿಗುತ್ತದೆ. ಅದನ್ನು ಒಡೆಯಲು ಬೇಸರವಾಗಿ ಕಲ್ಲಿನ ಮೇಲೇ ಕೇಬಲ್ ಎಳೆದು ಮಣ್ಣು ಮುಚ್ಚಿರುತ್ತಾರೆ. ನಿಮ್ಮಲ್ಲೂ ಹಾಗೇ ಇದ್ದರೆ ವಿದ್ಯುತ್ ಕಂಪನಿ ಪೂರ್ತಿ ಖರ್ಚನ್ನು ನಿಮ್ಮ ತಲೆಗೇ ಕಟ್ಟುವುದನ್ನು ಪ್ರಶ್ನಿಸಬಹುದು. ಅಳತೆಯ ಟೇಪನ್ನು ನೆಲಮಟ್ಟದಿಂದ ಕೇಬಲ್ಲಿನ ನೆತ್ತಿವರೆಗೆ ಇಳಿಬಿಟ್ಟು, ಅಂಕಿ ಕಾಣುವ ಹಾಗೆ, ಗೇಟೋ ಗೋಡೆಯೋ ಜೊತೆಗೆ ಬರುವ ಹಾಗೆ ಫೋಟೊ ತೆಗೆಯಿರಿ. ಗುಂಡಿ ಮುಚ್ಚಿದ ಮೇಲೆ ಅದು ಒಂದಡಿಯಲ್ಲಿತ್ತು ಅಂದರೆ ಯಾರು ನಂಬುತ್ತಾರೆ?

ಇನ್ನು ಹರಿದ ಕಡೆ ಸುತ್ತುವ ಟೇಪಿನ ಕತೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಟೇಪಿನ ಜಾಯಿಂಟನ್ನು ಎಳೆದಾಡುತ್ತದೆ. ನೀರು ಆರ್ಮರ್ (ಕೇಬಲ್ಲಿನ ರಕ್ಷಣೆಗೆ ಸುತ್ತಿರುವ ಲೋಹದ) ತಂತಿಗಳ ಸಂದಿನಲ್ಲಿ ಹರಿದು ಒಳಗೆ ಸೇರುತ್ತದೆ. ತ್ರೀ ಫೇಸ್ ಮನೆಯಾದರೆ ಇನ್ನೂ ಕಷ್ಟ: ನ್ಯೂಟ್ರಲ್ ಒಂದೇ ಕಡಿದುಹೋದರೆ ಒಂದು ಫೇಸಿನಲ್ಲಿ 230 ವೋಲ್ಟ್ ಇರಬೇಕಾದದ್ದು 400ರ ಹತ್ತಿರ ಹೋಗಬಹುದು. ಫ್ರಿಜ್, ಟಿವಿ, ಮೋಟರಿನ ಸ್ಟಾರ್ಟರ್ ಒಟ್ಟಿಗೇ ಸುಡುತ್ತವೆ. ಆ ನಷ್ಟದ ಮುಂದೆ ಕೇಬಲ್ಲಿನ ದುಡ್ಡು ಏನೂ ಅಲ್ಲ. ಸರಿಯಾದ ಕೆಲಸ ಅಂದರೆ ಕೇಬಲ್ ಸೈಜಿಗೆ ತಕ್ಕ ಜಾಯಿಂಟ್ ಕಿಟ್, ಕಡಿದ ತಂತಿಗಳನ್ನು ಕೂಡಿಸಲು ಒತ್ತಿ ಬಿಗಿದ (ಕ್ರಿಂಪ್ ಮಾಡಿದ) ಅಲ್ಯೂಮಿನಿಯಂ ಕೊಳವೆ ಅಂದರೆ ಫೆರೂಲ್, ಎರಡೂ ಕಡೆಯ ಆರ್ಮರ್ ಜೋಡಣೆ, ಲೈನ್ ಕೊಡುವ ಮೊದಲು ಮೆಗ್ಗರ್ ಟೆಸ್ಟ್ (ಇನ್ಸುಲೇಷನ್ ಸರಿ ಇದೆಯಾ ಅನ್ನುವ ಪರೀಕ್ಷೆ). ಜೆಸಿಬಿಯ ಬಕೆಟ್ ಕೇಬಲ್ಲನ್ನು ಎಳೆದಿದ್ದರೆ ಮೀಟರಿನ ತುದಿಯೂ ಸಡಿಲಾಗಿರಬಹುದು, ಅದನ್ನೂ ನೋಡಿಸಿ. ಕಂಬ ಹತ್ತಿರವಿದ್ದರೆ ಜಾಯಿಂಟೇ ಬೇಡ, ಪೂರ್ತಿ ಹೊಸ ಕೇಬಲ್ ಹಾಕಿಸಿ ಅನ್ನುವವನು ನಾನು.

ಆದರೆ ಮೀಟರಿನವರೆಗಿನ ಕೇಬಲ್ಲನ್ನು ನಿಮ್ಮ ಖಾಸಗಿ ವೈರ್‌ಮನ್ ಮುಟ್ಟುವಂತಿಲ್ಲ. ಕನೆಕ್ಷನ್ ತಗೊಳ್ಳುವಾಗ ದುಡ್ಡು ನೀವೇ ಕಟ್ಟಿದ್ದರೂ ಅದು ವಿದ್ಯುತ್ ಕಂಪನಿಯ ಆಸ್ತಿ. ಮೀಟರಿನಿಂದ ಮುಂದಿನ ಬೋರ್, ಗೇಟ್‌ಲೈಟ್ ಕೇಬಲ್ ನಿಮ್ಮದು. ಅಜಾಗರೂಕತೆಯಿಂದ ಲೈನ್ ಹಾಳುಮಾಡಿದರೆ 2003ರ ವಿದ್ಯುತ್ ಕಾಯ್ದೆಯ 139ನೇ ಕಲಂ ಪ್ರಕಾರ 10,000 ರೂಪಾಯಿವರೆಗೆ ದಂಡವಿದೆ; ರಿಪೇರಿ ಖರ್ಚು ಬೇರೆ. ಆ ಖರ್ಚನ್ನು ಕಂಪನಿ ಕೇಳುವುದು ನಿಮ್ಮ ಆರ್‌ಆರ್ ನಂಬರಿನ (ಬಿಲ್ಲಿನಲ್ಲಿರುವ ಕನೆಕ್ಷನ್ ನಂಬರಿನ) ಮೇಲೆ, ಜೆಸಿಬಿಯವನನ್ನಲ್ಲ. ಎಸ್ಟಿಮೇಟನ್ನು ಕೇಬಲ್ ಎಷ್ಟು ಮೀಟರ್, ಕಿಟ್ ಎಷ್ಟು, ಕೂಲಿ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ. ರಸೀದಿ ಇಲ್ಲದೆ ಕೈಯಲ್ಲಿ ದುಡ್ಡು ಕೊಡಬೇಡಿ. ತಕರಾರಿದ್ದರೆ ಫೋಟೊ ಲಗತ್ತಿಸಿ ಕಂಪನಿಯ ಸಬ್‌ಡಿವಿಷನ್ ಕಚೇರಿಗೆ ಅರ್ಜಿ ಕೊಡಿ, ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಆಮೇಲೆ ವಿದ್ಯುತ್ ಒಂಬುಡ್ಸ್‌ಮನ್.

ಈಗ ಜೆಸಿಬಿಯವನು. ಕೇಬಲ್ ಇಲ್ಲಿದೆ ಅಂತ ಸುಣ್ಣದ ಗೆರೆ ಎಳೆದು ತೋರಿಸಿದ್ದರೂ ಅವನು ದಾಟಿದ್ದರೆ ಕೇಳಿ, ಕೇಳಲೇಬೇಕು. ಗಂಟೆ ಲೆಕ್ಕದಲ್ಲಿ ಕರೆಸಿ, ಇಲ್ಲಿ ತೋಡು ಅಂತ ಜಾಗ ತೋರಿಸಿದವರು ನೀವೇ ಆಗಿದ್ದರೆ ಅವನ ಬೆನ್ನು ಹತ್ತುವುದರಲ್ಲಿ ಅರ್ಥವಿಲ್ಲ. ಅರ್ಧರ್ಧಕ್ಕೆ ಒಪ್ಪಿದರೆ ಅಷ್ಟಕ್ಕೇ ಮುಗಿಸಿ. ಉಳಿದ ಗುಂಡಿಯಲ್ಲಿ ಕಂಬ ಮತ್ತು ಮೀಟರಿನ ನಡುವಿನ ಗೆರೆಯ ಆಚೀಚೆ ಎರಡೆರಡು ಅಡಿಯನ್ನು ಆಳುಗಳಿಂದ ಸಲಿಕೆಯಲ್ಲೇ ತೋಡಿಸಿ. ಅಲ್ಲಿ ಹಾರೆ ಕೂಡ ಬೇಡ.