ಮೂಕಿಯ ಭಾರ ಮೊದಲು, ಒಗ್ಗರಣೆ ಆಮೇಲೆ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ ಬಂದವೆಲ್ಲ ಅಮೆರಿಕದಲ್ಲಿ ಟ್ರಾವೆಲ್ ಟ್ರೈಲರ್ (ಕಾರಿನ ಹಿಂದೆ ಕಟ್ಟುವ, ಗಾಲಿಯ ಮೇಲಿನ ಪುಟ್ಟ ಮನೆ) ಎಳೆದುಕೊಂಡು ದೂರ ಹೊರಟಿರುವ ಕನ್ನಡಿಗರ ಪ್ರಶ್ನೆಗಳು.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೇ, ನಿವೃತ್ತರು. ಒಂದೇ ಆಕ್ಸಲ್‌ನ 17 ಅಡಿ ಟ್ರೈಲರ್ ಕೊಂಡಿದ್ದೇವೆ. ಖಾಲಿ ತೂಕ 2,700 ಪೌಂಡ್, ಗರಿಷ್ಠ ಮಿತಿ 3,500. ನಮ್ಮ ಎಸ್‌ಯುವಿ 5,000 ಪೌಂಡ್ ಎಳೆಯಬಲ್ಲದು. ಆದರೂ ಮೊನ್ನೆ ಹೈವೇಯಲ್ಲಿ ದೊಡ್ಡ ಟ್ರಕ್ಕೊಂದು ಪಕ್ಕದಲ್ಲಿ ಹಾದಾಗ ಟ್ರೈಲರ್ ಆಚೀಚೆ ಬಾಲ ಬಡಿಯಿತು. ಹಿಂಬದಿಗೆ ಎರಡು ಸೈಕಲ್ ಕಟ್ಟಿದ್ದೆವು. ಎರಡು ತಿಂಗಳ ಪ್ರವಾಸಕ್ಕೆ ಮುಂಚೆ ಏನು ಸರಿಮಾಡಿಕೊಳ್ಳಬೇಕು? (ಮಿಷಿಗನ್)

ಉತ್ತರ: ಮೊದಲು ಸೈಕಲ್ ಇಳಿಸಿ. ಎತ್ತಿನ ಗಾಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇರು ಹಿಂದಕ್ಕೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ. ಟ್ರೈಲರ್‌ನ ಮೂಕಿ, ಅಂದರೆ ಕಾರಿನ ಹಿಂದಿನ ಕೊಂಡಿಯ ಗುಂಡಿನ (ಹಿಚ್ ಬಾಲ್) ಮೇಲೆ ಕೂರುವ ತುದಿ, ತುಂಬಿದ ಟ್ರೈಲರ್‌ನ ತೂಕದ ಶೇ. 10ರಿಂದ 15ರಷ್ಟು ಭಾರವನ್ನು ಕೆಳಕ್ಕೆ ಒತ್ತುತ್ತಿರಬೇಕು. ಶೇ. 10ಕ್ಕಿಂತ ಕಡಿಮೆಯಾದರೆ ಗಾಳಿಯ ಒಂದು ತಳ್ಳಿಗೇ ಹಿಂಭಾಗ ತೂಗಾಡಲು ಶುರು. ನಿಮ್ಮದು ತುಂಬಿದಾಗ 3,300 ಪೌಂಡ್ ಎಂದಿಟ್ಟುಕೊಳ್ಳಿ: ಮೂಕಿಯ ಮೇಲೆ 330ರಿಂದ 495 ಇರಬೇಕು, 400 ಇದ್ದರೆ ಚೆನ್ನ. ಸೈಕಲ್ಲು, ಸ್ಟ್ಯಾಂಡು ಸೇರಿ 100 ಪೌಂಡ್ ಆಗಿ, ಅದು ಆಕ್ಸಲ್‌ನಿಂದ 7 ಅಡಿ ಹಿಂದಿದ್ದು, ಬಾಲ್ 11 ಅಡಿ ಮುಂದಿದ್ದರೆ, ಮೂಕಿಯ ಮೇಲಿನ 64 ಪೌಂಡ್ ಹಾರಿಹೋಯಿತು. ಇದ್ದದ್ದೇ 350 ಆಗಿದ್ದರೆ ಬಾಲ ಬಡಿಯದೆ ಇನ್ನೇನು?

ಇದನ್ನು ಮನೆಯಲ್ಲೇ ಅಳೆಯಬಹುದು. ಬಚ್ಚಲುಮನೆಯ ತೂಕದ ಯಂತ್ರ 400 ಪೌಂಡ್ ತಡೆಯುವುದಿಲ್ಲ, ಅದಕ್ಕೊಂದು ಉಪಾಯವಿದೆ. ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಿ. ಒಂದು ಗಟ್ಟಿ ತೊಲೆಯ ಒಂದು ತುದಿ ತೂಕದ ಯಂತ್ರದ ಮೇಲೆ, ಇನ್ನೊಂದು ತುದಿ ಅಷ್ಟೇ ಎತ್ತರದ ದಿಮ್ಮಿಯ ಮೇಲಿಟ್ಟ ಕಬ್ಬಿಣದ ಪೈಪಿನ ಮೇಲೆ ಇರಲಿ. ಎರಡರ ನಡುವೆ ಸರಿಯಾಗಿ 3 ಅಡಿ ಅಂತರ. ಪೈಪಿನಿಂದ 1 ಅಡಿ ದೂರಕ್ಕೆ ಮೂಕಿಯ ಜಾಕ್ ಇಳಿಸಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. 132 ತೋರಿಸಿದರೆ 396. ತೊಲೆ ಮಟ್ಟವಾಗಿರಬೇಕು. ನೀರು, ಗ್ಯಾಸ್, ಅಕ್ಕಿ, ಬಟ್ಟೆ ಎಲ್ಲ ಪ್ರವಾಸದ ಹಾಗೇ ತುಂಬಿರಬೇಕು; ಖಾಲಿ ಬಂಡಿ ತೂಗಿ ಉಪಯೋಗವಿಲ್ಲ. ನೀರಿನ ಟ್ಯಾಂಕ್ ಆಕ್ಸಲ್‌ನ ಹಿಂದಿದೆಯೋ ಮುಂದಿದೆಯೋ ಅದನ್ನೂ ನೋಡಿ. ಒಂದು ಗ್ಯಾಲನ್ ನೀರು 8.3 ಪೌಂಡ್, 20 ಗ್ಯಾಲನ್ ಅಂದರೆ ಒಬ್ಬ ಮನುಷ್ಯನ ತೂಕ.

5,000 ಎಂಬ ಅಂಕಿಯನ್ನು ನಂಬಿ ಕೂರಬೇಡಿ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಹಳದಿ-ಬಿಳಿ ಚೀಟಿಯೊಂದು ಇರುತ್ತದೆ: ಜನ ಮತ್ತು ಸಾಮಾನು ಸೇರಿ ಕಾರು ಹೊರಬಹುದಾದ ಗರಿಷ್ಠ ತೂಕ. ಅಲ್ಲಿ 1,200 ಎಂದಿದ್ದರೆ, ನೀವಿಬ್ಬರು 330, ಡಿಕ್ಕಿಯ ಸಾಮಾನು 250, ಹಿಚ್ 50, ಮೂಕಿ 400: ಆಗಲೇ 1,030 ಆಯಿತು. ಜನರೇಟರು, ಐಸ್ ಡಬ್ಬ, ಎರಡು ಅಕ್ಕಿ ಚೀಲ ಏರಿಸಿದರೆ ಮುಗಿಯಿತು. ಎಳೆಯುವ ಶಕ್ತಿಗಿಂತ ಹೊರುವ ಶಕ್ತಿ ಮೊದಲು ಸೋಲುವುದೇ ಹೆಚ್ಚು. ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ನ ತೂಕದ ಕಟ್ಟೆಯಲ್ಲಿ ಒಮ್ಮೆ ಪೂರ್ತಿ ತೂಗಿಸಿ, ಕಾರಿನದು ಬೇರೆ, ಟ್ರೈಲರ್‌ನದು ಬೇರೆ ಬರೆಸಿಕೊಳ್ಳಿ.

ಮತ್ತೆ ಬಾಲ ಬಡಿದರೆ ಕಾರಿನ ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ, ಚಾಲಕನ ಕೈಗೆಟಕುವ ಬ್ರೇಕ್ ಕಂಟ್ರೋಲರ್‌ನ (ಟ್ರೈಲರ್‌ನ ಬ್ರೇಕ್ ನಡೆಸುವ ಪೆಟ್ಟಿಗೆ) ಗುಂಡಿಯಿಂದ ಟ್ರೈಲರ್‌ಗೆ ಮಾತ್ರ ಬ್ರೇಕ್ ಕೊಡಿ. ಪಕ್ಕದಲ್ಲಿ ಕೂತವರಿಗೂ ಆ ಗುಂಡಿ ಎಲ್ಲಿದೆಯೆಂದು ಗೊತ್ತಿರಲಿ. ಇನ್ನು ಟೈರು: ‘ಎಸ್‌ಟಿ’ ಅಕ್ಷರದ ಟ್ರೈಲರ್ ಟೈರುಗಳಲ್ಲಿ ಬೇರೆ ಗುರುತಿಲ್ಲದಿದ್ದರೆ ವೇಗದ ಮಿತಿ ಗಂಟೆಗೆ 65 ಮೈಲಿ. ಟೈರಿನ ಬದಿಯಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದು ಹೊಸದರಂತೆ ಕಂಡರೂ ಬದಲಿಸಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50 ಮೈಲಿಗೆ ನಿಲ್ಲಿಸಿ ನಟ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿಮಾಡಿ.

ಪ್ರಶ್ನೆ: ಎಸಿ ಹಾಕಿಕೊಂಡು ಇಂಡಕ್ಷನ್ ಒಲೆ ಹಚ್ಚಿದರೆ ಕರೆಂಟ್ ಹೋಗುತ್ತದೆ. ಒಗ್ಗರಣೆ ಹಾಕಿದರೆ ಅಲಾರಂ ಬಡಿದುಕೊಳ್ಳುತ್ತದೆ. ಬೆಂಗಳೂರಿನಿಂದ ತಂದ ಮಿಕ್ಸಿ ತಿರುಗಿದರೂ ರುಬ್ಬುವುದಿಲ್ಲ. (ಟೆಕ್ಸಾಸ್)

ಉತ್ತರ: ಮೂರಕ್ಕೂ ಕಾರಣ ಬೇರೆಬೇರೆ. ನಿಮ್ಮ 30 ಆಂಪ್ ಸಂಪರ್ಕಕ್ಕೆ 120 ವೋಲ್ಟ್‌ನಲ್ಲಿ ಸಿಗುವುದು 3,600 ವಾಟ್. ಎಸಿ ಸುಮಾರು 1,400, ಇಂಡಕ್ಷನ್ 1,800, ನೀರು ಕಾಯಿಸುವ ಹೀಟರ್ ಕರೆಂಟಿನಲ್ಲಿದ್ದರೆ ಇನ್ನೊಂದು 1,400. ಹೀಟರನ್ನು ಗ್ಯಾಸಿಗೆ ತಿರುಗಿಸಿ. ಅನ್ನ ಬೇಯುವಷ್ಟು ಹೊತ್ತು ಎಸಿಯನ್ನು ಬರೀ ಫ್ಯಾನಿನಲ್ಲಿಡಿ. ಮನೆಯ ಅಂಗಳದಲ್ಲಿ 30 ಆಂಪ್ ಪ್ಲಗ್ ಹಾಕಿಸುವುದಾದರೆ ಅದು 120 ವೋಲ್ಟ್ ಎಂದು ಎಲೆಕ್ಟ್ರಿಷಿಯನ್‌ಗೆ ಬರೆದೇ ಕೊಡಿ. ಬಟ್ಟೆ ಒಣಗಿಸುವ ಯಂತ್ರದ ಪ್ಲಗ್ ಎಂದುಕೊಂಡು 240 ಕೊಟ್ಟುಬಿಡುವುದುಂಟು. ಆಗ ಒಳಗಿನದೆಲ್ಲ ಒಂದೇ ಕ್ಷಣದಲ್ಲಿ ಸುಡುತ್ತದೆ.

ಮಿಕ್ಸಿ 230 ವೋಲ್ಟಿನದು, ಇಲ್ಲಿ ಸಿಗುವ ಅದರ ಅರ್ಧದಷ್ಟು ವೋಲ್ಟೇಜಿನಲ್ಲಿ ಅದಕ್ಕೆ ಜೀವವಿಲ್ಲ. ಟ್ರಾನ್ಸ್‌ಫಾರ್ಮರ್ ಹೊತ್ತು ತಿರುಗುವ ಬದಲು ಇಂಡಿಯನ್ ಅಂಗಡಿಯಲ್ಲಿ 110 ವೋಲ್ಟಿನದು ಕೊಳ್ಳಿ. ಚಟ್ನಿಪುಡಿ, ಸಾರಿನ ಪುಡಿ ಮನೆಯಲ್ಲೇ ಮಾಡಿಕೊಂಡರೆ ಅದೂ ಬೇಡ.

ಅಲಾರಂ ಎರಡಿರುತ್ತವೆ. ಸೂರಿನ ಹತ್ತಿರದ್ದು ಹೊಗೆಗೆ. ನೆಲಕ್ಕೆ ಹತ್ತಿರದ್ದು ಪ್ರೊಪೇನ್‌ಗೆ, ಆ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ. ಒಣಮೆಣಸಿನಕಾಯಿಯ ಘಾಟಿಗೆ ಮೇಲಿನದು ಕೂಗಿದರೆ ಸಹಜ: ಎಣ್ಣೆ ಕಾಯಿಸುವ ಮುಂಚೆಯೇ ಸೂರಿನ ಫ್ಯಾನ್ ಹಾಕಿ, ಒಲೆಯ ಪಕ್ಕದ ಕಿಟಕಿ ತೆರೆಯಿರಿ, ಇಲ್ಲವೇ ಒಗ್ಗರಣೆ ಹೊರಗೇ ಆಗಲಿ. ಕೆಳಗಿನದು ಕೂಗಿದರೆ ಒಲೆ ಆರಿಸಿ, ಹೊರಗೆ ಬಂದು ಸಿಲಿಂಡರ್ ಮುಚ್ಚಿ, ಆಮೇಲೆ ಯೋಚಿಸಿ. ಕಿರಿಕಿರಿಯೆಂದು ತಂತಿ ಕಿತ್ತಿಡುವ ಬುದ್ಧಿವಂತಿಕೆ ಮಾತ್ರ ಬೇಡ. ಗ್ಯಾಸಿನ ಅಲಾರಂನ ಬೆನ್ನಿನ ಮೇಲೆ ತಾರೀಖು ಇರುತ್ತದೆ. ಆಯುಷ್ಯ 5ರಿಂದ 7 ವರ್ಷ.

ಪ್ರಶ್ನೆ: ಯೆಲ್ಲೋಸ್ಟೋನ್‌ನಲ್ಲಿ ಕರೆಂಟಿಲ್ಲದ ಕ್ಯಾಂಪ್‌ಗ್ರೌಂಡಿನಲ್ಲಿ ಮೂರು ರಾತ್ರಿ. 100 ಆಂಪ್-ಅವರ್‌ನ ಲೆಡ್ ಬ್ಯಾಟರಿ ಸಾಕೇ? (ಇಲಿನಾಯ್)

ಉತ್ತರ: ಸಾಲದು. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಬೇಗ ಹಾಳಾಗುವುದರಿಂದ ನಿಮ್ಮ ಕೈಗೆ ಸಿಗುವುದು 50. ಚಳಿಗೆ ಫರ್ನೇಸ್ ಗ್ಯಾಸಿನಲ್ಲಿ ಉರಿದರೂ ಅದರ ಫ್ಯಾನು ಬ್ಯಾಟರಿಯನ್ನೇ ತಿನ್ನುತ್ತದೆ: 4 ಆಂಪ್‌ನಂತೆ ರಾತ್ರಿಗೆ 5 ಗಂಟೆ ಓಡಿದರೆ 20. ದೀಪ, ಪಂಪು, ಅಲಾರಂಗಳಿಗೆ 7-8. ಫ್ರಿಜ್ ಗ್ಯಾಸಿನದಾಗಿದ್ದರೆ ಎರಡನೇ ಬೆಳಗಿನ ಹೊತ್ತಿಗೆ ಖಾಲಿ. 12 ವೋಲ್ಟ್ ಕಂಪ್ರೆಸರಿನದಾದರೆ ಮೊದಲ ರಾತ್ರಿಗೇ. ಹೊರೆಯಿಲ್ಲದೆ ಅಳೆದಾಗ 12.1 ವೋಲ್ಟ್ ತೋರಿಸಿದರೆ ಅರ್ಧ ಮುಗಿದಿದೆ ಎಂದರ್ಥ. 100 ಆಂಪ್-ಅವರ್‌ನ ಲಿಥಿಯಂ ಬ್ಯಾಟರಿಯ ಜೊತೆ 200 ವಾಟ್‌ನ, ಬಿಸಿಲಿಗೆ ಸರಿಸಿಡಬಹುದಾದ ಸೋಲಾರ್ ಹಲಗೆ ಇದ್ದರೆ ನೆಮ್ಮದಿ. ಪೈನ್ ಮರಗಳ ನೆರಳಿನಲ್ಲಿ ಸೂರಿನ ಮೇಲಿನ ಹಲಗೆ ಹೆಸರಿಗಷ್ಟೇ.

ಪ್ರೆಶರ್ ಕುಕ್ಕರ್ ಮರೆಯಬೇಡಿ. ಯೆಲ್ಲೋಸ್ಟೋನ್‌ನಂಥ ಕಡೆ, ಸುಮಾರು 2,400 ಮೀಟರ್ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವಷ್ಟರಲ್ಲಿ ಗ್ಯಾಸು ಮುಗಿದಿರುತ್ತದೆ. ಅಲ್ಲಿ ಕರಡಿಗಳಿವೆ: ಉಂಡ ಪಾತ್ರೆ, ಎಣ್ಣೆ ಸೀಸೆ, ಒಲೆ ಯಾವುದೂ ರಾತ್ರಿ ಹೊರಗೆ ಉಳಿಯಬಾರದು.

ಪ್ರಶ್ನೆ: ಸಿಂಕಿನಿಂದ ಹುಳಿ ವಾಸನೆ. (ನ್ಯೂಜೆರ್ಸಿ)

ಉತ್ತರ: ಸಾಂಬಾರಿನ ಎಣ್ಣೆ, ಬೇಳೆಯ ಚೂರು ಗ್ರೇ ಟ್ಯಾಂಕಿನಲ್ಲಿ (ಸಿಂಕ್, ಸ್ನಾನದ ಕೊಳೆನೀರು ತುಂಬುವ ಟ್ಯಾಂಕು) ಕೊಳೆಯುತ್ತಿದೆ. ಪಾತ್ರೆಯನ್ನು ಕಾಗದದಿಂದ ಒರೆಸಿ ಆಮೇಲೆ ತೊಳೆಯಿರಿ, ಸಿಂಕಿಗೆ ಸಣ್ಣ ಜಾಲರಿ ಹಾಕಿ. ಕೊಳೆನೀರು ಖಾಲಿಮಾಡುವ ಡಂಪ್ ಸ್ಟೇಷನ್ನಿನಲ್ಲಿ ಮೊದಲು ಶೌಚದ ಟ್ಯಾಂಕು, ನಂತರ ಗ್ರೇ. ಆ ನೀರೇ ಪೈಪನ್ನು ತೊಳೆಯುತ್ತದೆ.