ತುರ್ತು ಸಹಾಯಕ್ಕೆ ಎಸ್‌ಎಂಎಸ್ ಒಂದೇ ಸಾಕೇ?

ಕಿವಿ ಕೇಳದ, ಒಬ್ಬರೇ ವಾಸವಾಗಿರುವ ನಿಮ್ಮ ತಂಗಿಗೆ ತುರ್ತು ಸಹಾಯ ಕೋರಲು ಎಸ್‌ಎಂಎಸ್ ಒಂದೇ ಸಾಕೇ ಎಂದು ಕೇಳಿದ್ದೀರಿ. ಸಾಲದು ಎಂಬುದೇ ನನ್ನ ಅಭಿಪ್ರಾಯ. ಎಸ್‌ಎಂಎಸ್ ಮೊದಲು ಜಾಲದಲ್ಲಿ ಸಂಗ್ರಹವಾಗಿ ಆಮೇಲೆ ರವಾನೆಯಾಗುವುದರಿಂದ, ಇಂತಿಷ್ಟೇ ಹೊತ್ತಿನಲ್ಲಿ ತಲುಪುತ್ತದೆ ಎಂಬ ಖಾತರಿ ಇರುವುದಿಲ್ಲ. ಉತ್ತರ ಬರುವವರೆಗೂ ಅದು ತಲುಪಿತೆಂದು ನಂಬಿ ಕೂರಬಾರದು. ಕರೆಯಲ್ಲಿರುವಾಗಲೇ ಬರೆದು ಮಾತಾಡುವ ಸೌಲಭ್ಯವಾದ ರಿಯಲ್ ಟೈಮ್ ಟೆಕ್ಸ್ಟ್‌ನಲ್ಲಾದರೆ ಒತ್ತಿದ ಒಂದೊಂದು ಅಕ್ಷರವೂ ಕೂಡಲೇ ಎದುರಿನವರಿಗೆ ಕಾಣುತ್ತದೆ. ‘ಉಸಿರು ಕಟ್ಟು’ ಎಂಬಲ್ಲಿಗೆ ಕೈಸೋತು ನಿಂತರೂ ಕರೆ ಸ್ವೀಕರಿಸಿದವರಿಗೆ ಅಷ್ಟು ಸುಳಿವು ಸಿಕ್ಕಿರುತ್ತದೆ. ಆದರೆ ಫೋನು, ಜಾಲ, ತುರ್ತು ಕೇಂದ್ರ ಮೂರರಲ್ಲೂ ಆ ಸೌಲಭ್ಯ ಇರಬೇಕು.

ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ತುರ್ತು ಸಂಖ್ಯೆ 999ಕ್ಕೆ ಎಸ್‌ಎಂಎಸ್ ಕಳಿಸಲು ಮೊದಲೇ ನೋಂದಾಯಿಸಿಕೊಂಡಿರಬೇಕು. 2022ರಿಂದ ಸಂಜ್ಞಾ ಭಾಷೆಯ ವಿಡಿಯೊ ಕರೆಯೂ ಅಲ್ಲಿದೆ. ಅಮೆರಿಕದಲ್ಲಿ ತುರ್ತು ಸಂಖ್ಯೆ 911ಕ್ಕೆ ಸಂದೇಶ ಕಳಿಸುವ ಸೇವೆ ಎಲ್ಲೆಡೆ ಇಲ್ಲ, ಇಲ್ಲದ ಕಡೆ ಹಾಗೆಂದು ತಿಳಿಸುವ ಮರುಸಂದೇಶ ಬರುತ್ತದೆ. ತಂಗಿ ಇರುವಲ್ಲಿ ನೋಂದಣಿ ಬೇಕಿದ್ದರೆ ದಯವಿಟ್ಟು ಮುಂದೂಡದೆ ಇವತ್ತೇ ಮಾಡಿಸಿ. ಮೊದಲು ವಿಳಾಸ, ನಂತರ ಬೇಕಾದ ಸಹಾಯ, ಕೊನೆಗೆ ತನಗೆ ಕಿವಿ ಕೇಳದೆಂಬ ಮಾತು, ಈ ಕ್ರಮದಲ್ಲಿ ಒಂದು ಸಂದೇಶವನ್ನು ಅವರ ಫೋನಿನಲ್ಲಿ ಬರೆದಿಡಿಸಿ.